ಬಣ್ಣದ ಕೆಳಗಿನ ಉಕ್ಕು

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಬತ್ತಿದ ಸರೋವರಗಳ ಸಮತಟ್ಟಾದ ತಳದ ಮೇಲೆ ಕಾರುಗಳನ್ನು ಓಡಿಸಿ ವೇಗವನ್ನು ಅಳೆಯುವ ಹವ್ಯಾಸವು 1930ರ ದಶಕದಲ್ಲಿ ತರುಣರನ್ನು ಬಹುವಾಗಿ ಆಕರ್ಷಿಸಿತು. ಆ ಕಾರುಗಳು ಹೊಸವಲ್ಲ. ಹಳೆಯ ಬಂಡಿಯೊಂದನ್ನು ಕೊಂಡು, ಮನೆಯಲ್ಲಿಯೇ ಬಿಚ್ಚಿ, ಬೇಡದ ಭಾರವನ್ನು ಕಳೆದು, ಎಂಜಿನನ್ನು ತಿದ್ದಿ, ಮರಳಿ ಜೋಡಿಸಿದಂಥವು. ಇವುಗಳಿಗೆ ‘ಹಾಟ್ ರಾಡ್’ ಎಂದು ಹೆಸರು ಬಂದಿತು. 1932ರಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ ಕಾರನ್ನು ಸಾಮಾನ್ಯರಿಗೂ ಎಟುಕುವ ಬೆಲೆಗೆ ತಂದುದು ಇವರಿಗೆ ದೊಡ್ಡ ನೆರವಾಯಿತು. ಈ ಹವ್ಯಾಸ ಇಂದಿಗೂ ಅಲ್ಲಿ ಉಳಿದಿದೆ.

ಇಂಥ ಕಾರನ್ನು ಕಂಡವರ ಕಣ್ಣು ಮೊದಲು ಅದರ ಬಣ್ಣದ ಮೇಲೆ ನೆಡುತ್ತದೆ. ಆದರೆ ಬಣ್ಣದ ಪದರಗಳೆಲ್ಲ ಸೇರಿದರೂ ಅವುಗಳ ದಪ್ಪ ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಇಷ್ಟು ತೆಳುವಾದ ಪೊರೆ ಉಕ್ಕನ್ನು ಕಾಯುವುದು ಹೇಗೆ? ಕೆಲವೊಮ್ಮೆ ಅದು ಹಪ್ಪಳದಂತೆ ಎದ್ದು ಉದುರುವುದೇಕೆ?

ಕಬ್ಬಿಣ, ನೀರು, ಆಮ್ಲಜನಕ ಇವು ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಮೇಲಿನ ಬಣ್ಣವನ್ನು ಎತ್ತಿಬಿಡುತ್ತದೆ. ಆದುದರಿಂದ ಹಳೆಯ ತುಕ್ಕನ್ನು ಮುಚ್ಚಿ ಬಣ್ಣ ಬಳಿಯುವುದು ವ್ಯರ್ಥ. ಜಿಡ್ಡೂ ಅಷ್ಟೇ ದೊಡ್ಡ ಶತ್ರು. ಬಣ್ಣವು ಲೋಹವನ್ನು ಮುಟ್ಟದಂತೆ ಅದು ನಡುವೆ ನಿಲ್ಲುತ್ತದೆ. ಇದನ್ನು ಕಂಡುಹಿಡಿಯಲು ಸುಲಭವಾದ ಉಪಾಯವುಂಟು. ಉಜ್ಜಿ ತೊಳೆದ ಲೋಹದ ಮೇಲೆ ಶುದ್ಧವಾದ ನೀರನ್ನು ಸುರಿಯಬೇಕು. ನೀರು ಒಡೆಯದ ಹಾಳೆಯಂತೆ ಹರಡಿದರೆ ಮೇಲ್ಮೈ ಶುಚಿಯಾಗಿದೆ. ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಉಳಿದಿದೆ. ಪರೀಕ್ಷೆಯಾದ ಕೂಡಲೆ ಲೋಹವನ್ನು ಒಣಗಿಸಿ, ಪ್ರೈಮರ್ ಎಂಬ ಮೊದಲ ಲೇಪವನ್ನು ಕೊಡಬೇಕು. ಉಕ್ಕನ್ನು ಬಿಗಿಯಾಗಿ ಹಿಡಿದು, ಮೇಲಿನ ಬಣ್ಣಕ್ಕೆ ನೆಲೆಯಾಗುವುದು ಇದರ ಕೆಲಸ.

ಎಲ್ಲ ಭಾಗಗಳಿಗೂ ಒಂದೇ ಬಣ್ಣ ಸಲ್ಲದು. ಹೊಗೆಕೊಳವೆಯ ಮೇಲೆ ಬಳಿದ ಸಾಮಾನ್ಯ ಬಣ್ಣ ಸುಟ್ಟುಹೋಗುತ್ತದೆ. ಅಲ್ಲಿಗೆ ತೀವ್ರವಾದ ಶಾಖವನ್ನು ಸಹಿಸುವ ಸಿಲಿಕೋನ್ ರಾಳದ ಬಣ್ಣ ಬೇಕು. ಬ್ರೇಕು ತಿಕ್ಕುವ ಮೇಲ್ಮೈಗೆ ಬಣ್ಣವೇ ಕೂಡದು. ವಿದ್ಯುತ್ತಿನ ತಂತಿಯನ್ನು ಚೌಕಟ್ಟಿಗೆ ಬಿಗಿಯುವ ಸ್ಥಳವನ್ನೂ ಬರಿದಾಗಿ ಬಿಡಬೇಕು. ಬಣ್ಣವು ವಿದ್ಯುತ್ತನ್ನು ಹರಿಯಗೊಡದ ಕಾರಣ, ಈ ಎಚ್ಚರ ತಪ್ಪಿದರೆ ಅಂದವಾದ ಕಾರಿನ ದೀಪಗಳೇ ಹೊತ್ತದಿರಬಹುದು!

ಬಣ್ಣ ‘ಒಣಗುವುದು’ ಕೂಡ ಒಂದೇ ಬಗೆಯಲ್ಲ. 1920ರ ದಶಕದಲ್ಲಿ ಬಳಕೆಗೆ ಬಂದ ನೈಟ್ರೊಸೆಲ್ಯುಲೋಸ್ ಲ್ಯಾಕರಿನಲ್ಲಿ ದ್ರಾವಕವು ಆವಿಯಾಗಿ ಹೋದರೆ ಸಾಕು, ಪೊರೆ ಉಳಿಯುತ್ತದೆ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದರಿಂದ ಗಂಟೆಗಳಿಗೆ ಇಳಿಯಿತು. ಇಂದಿನ ಯುರಿಥೇನ್ ಬಣ್ಣದಲ್ಲಾದರೋ ಎರಡು ದ್ರವಗಳು ಬೆರೆತು, ಅಣುಗಳು ಒಂದನ್ನೊಂದು ಹೆಣೆದುಕೊಂಡು ಗಟ್ಟಿಯಾದ ಬಲೆಯಾಗುತ್ತವೆ.

ಆ ಎರಡು ದ್ರವಗಳಲ್ಲಿ ಒಂದು ಐಸೊಸಯನೇಟ್. ಅದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ತಗಲಬಹುದು. ದೇಹವು ಒಮ್ಮೆ ಇದಕ್ಕೆ ಸೂಕ್ಷ್ಮವಾಯಿತೆಂದರೆ, ಮುಂದೆ ಅತ್ಯಲ್ಪ ಪ್ರಮಾಣವೂ ರೋಗವನ್ನು ಕೆರಳಿಸೀತು. ಮೂಗಿಗೆ ಕಟ್ಟಿದ ಬಟ್ಟೆ ಇದನ್ನು ತಡೆಯಲಾರದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದುಕೊಡುವ ಮುಖವಾಡವೇ ಬೇಕು. ಹಳೆಯ ಬಣ್ಣವನ್ನು ಉಜ್ಜುವಾಗ ಏಳುವ ಧೂಳಿನಲ್ಲಿ ಸೀಸವೂ ಇರಬಹುದು. ಉಕ್ಕಿಗೆ ಕವಚ ತೊಡಿಸುವವನು ತನ್ನ ಶ್ವಾಸಕೋಶಗಳನ್ನು ಬರಿದಾಗಿ ಬಿಡುವುದು ಎಂಥ ವಿಪರೀತ!

ಕಾರಿಲ್ಲದ ನಮ್ಮ ವಾಚಕರೂ ಒಂದು ಪ್ರಯೋಗವನ್ನು ಮಾಡಿನೋಡಬಹುದು. ಕಬ್ಬಿಣದ ಎರಡು ತುಂಡುಗಳನ್ನು ಉಜ್ಜಿ ತೊಳೆದು ಒಣಗಿಸಿ. ಒಂದಕ್ಕೆ ಮಾತ್ರ ಎಣ್ಣೆಯ ಬೆರಳನ್ನು ಸವರಿ, ಎರಡಕ್ಕೂ ಕುಂಚದಿಂದ ಸಾಮಾನ್ಯ ಬಣ್ಣವನ್ನು ಬಳಿಯಿರಿ. ಬಣ್ಣ ಒಣಗಿದ ಮೇಲೆ ಎರಡನ್ನೂ ಮೊಳೆಯಿಂದ ಗೀರಿ, ಮಳೆಬಿಸಿಲಿಗೆ ಇಡಿ. ಮೊದಲ ದಿನ ಎರಡೂ ಹೊಳೆಯುತ್ತಿರುತ್ತವೆ. ಕೆಲವು ವಾರಗಳು ಕಳೆದ ಮೇಲೆ ಯಾವುದರ ಬಣ್ಣ ಉಕ್ಕನ್ನು ಬಿಟ್ಟಿದೆಯೆಂಬುದನ್ನು ನೀವೇ ಕಾಣುವಿರಿ.