ಹಳೇ ಕಾರು ಕೊಳ್ತೀರಾ? ಕ್ಲಚ್ ನೋಡಿ!

ಈರುಳ್ಳಿ ದುಡ್ಡು ಕೈಸೇರಿದ್ದೇ ತಡ, ಅಜ್ಜಂಪುರದ ನಮ್ಮ ಮನೆಯಲ್ಲಿ ಕಾರಿನ ಮಾತು ಶುರುವಾಯ್ತು. ತರೀಕೆರೆಯಲ್ಲಿ ಹಳೇ ಮಾರುತಿ 800 ಇದೆ ಅಂತ ನಮ್ಮವರು ಮುಂಗಡ ಕೊಡೋಕೇ ಹೊರಟಿದ್ದರು. ನಾನೂ ಬರ್ತೀನಿ ಅಂದೆ.

ಕಾರು ನೋಡಲು ಬೆಳಗ್ಗೆಯೇ ಹೋಗಿ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ.

ಹೊಸ ಸೀಟ್ ಕವರ್‌ಗೆ ಮರುಳಾಗಬೇಡಿ (ನಾನು ಒಂದು ಕ್ಷಣ ಆದೆ!). ಸಮತಟ್ಟಾದ ಖಾಲಿ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನವಾಗಿ ಬಿಡಿ. ಇಂಜಿನ್ ತಟ್ಟನೆ ನಿಲ್ಲಬೇಕು. ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಖರ್ಚು ಸಣ್ಣದಲ್ಲ. ಆ ಕಾರು ನಿಲ್ಲಲೇ ಇಲ್ಲ. "ಏನಾಗಲ್ಲ ಅಕ್ಕಾ, ಕಡೂರು ಕಡೆ ರಸ್ತೆಯೆಲ್ಲಾ ಸಮ" ಅಂದರು ಮಾರುವವರು. ಕೆಮ್ಮಣ್ಣುಗುಂಡಿ ಏರು ಹತ್ತೋದು ಬೇಡ್ವಾ?

ಆರ್‌.ಸಿ.ಯನ್ನೂ ಓದಿ. 800ರ ತಯಾರಿಕೆ ನಿಂತದ್ದು 2014ರಲ್ಲಿ. ನೋಂದಣಿಯ 15 ವರ್ಷ ಮುಗಿದಿದ್ದರೆ ನವೀಕರಣ ಆಗಿದೆಯಾ ಕೇಳಿ. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಉಳಿದಿದ್ದರೆ ಎನ್‌ಒಸಿ, 35ನೇ ನಮೂನೆ ಇಲ್ಲದೆ ದುಡ್ಡು ಕೊಡಬೇಡಿ.

ನಮ್ಮವರ ಮುಖ ಸಣ್ಣಗಾಯ್ತು. ಕಡೂರಿನಲ್ಲಿ ಇನ್ನೊಂದು ಇದೆಯಂತೆ, ಭಾನುವಾರ ಹೋಗ್ತಿದೀವಿ.