ನೀರು ಹೊರಬೀಳುವ ಬಾಯಿ ಎಲ್ಲಿದೆ?

ಬೇಸ್‌ಮೆಂಟಿನಲ್ಲಿ ನೀರು ನಿಂತು ಇಳಿಯದೇ ಹೋದರೆ ಕಟ್ಟಡದವರಿಗೆ ಮೊದಲು ಹೊಳೆಯುವುದು ನೆಲ ಒಡೆಸುವುದು. ಕೈ ಪಳಗಿದ ಪ್ಲಂಬರ್ ಅಷ್ಟು ಬೇಗ ಹಾರೆ ಎತ್ತುವುದಿಲ್ಲ. ಪೈಪು ಹಾಕಿದವರು ಈಗ ಸಿಕ್ಕುವುದಿಲ್ಲ, ನಕ್ಷೆ ಇಲ್ಲ, ರಸ್ತೆಯ ಮೇಲೆ ಡಾಂಬರು ಕಾಂಕ್ರೀಟು ಬಿದ್ದು ಹಳೆಯ ಚೇಂಬರಿನ ಮುಚ್ಚಳ ಹೂತುಹೋಗಿದೆ. ಆದರೂ ನೀರು ಇಳಿಜಾರಿಗೇ ಹೋಗಬೇಕು ಎಂಬುದೊಂದು ಖಚಿತ. ಹುಡುಕಾಟವೆಲ್ಲ ಅಲ್ಲಿಂದ ಶುರು.

ಗಾರೆಯವರ ಮಟ್ಟದ ಟ್ಯೂಬಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿ ಬೇಸ್‌ಮೆಂಟಿನ ನೆಲದ ಬಳಿ, ಇನ್ನೊಂದು ರಸ್ತೆಯ ಚರಂಡಿಯ ಬಳಿ ಹಿಡಿದು ನೋಡುತ್ತಾರೆ. ಚರಂಡಿಯ ತಳವೇ ಮೇಲಿದ್ದರೆ ಪೈಪು ಆ ಕಡೆ ಹೋಗಿರಲು ಸಾಧ್ಯವಿಲ್ಲ. ಹಿತ್ತಲಿನ ಕಡೆ, ರಾಜಕಾಲುವೆಯ ಕಡೆ ತಗ್ಗು ಹುಡುಕಬೇಕು. ಎಲ್ಲೂ ತಗ್ಗು ಸಿಗದಿದ್ದರೆ ಅಲ್ಲಿದ್ದದ್ದು ಪಂಪ್ ಇಟ್ಟ ಸಂಪು, ಈಗ ಹೂಳು ತುಂಬಿ ಮರೆಯಾಗಿದೆ ಎಂದರ್ಥ. ಒಂದು ಟ್ಯೂಬಿನಿಂದ ಅರ್ಧ ಊರನ್ನೇ ಲೆಕ್ಕದಿಂದ ಹೊರಗಿಡುವ ಈ ಕ್ರಮ ನನಗೆ ಬಲು ಇಷ್ಟ.

ಆಮೇಲೆ ಪೈಪಿನೊಳಗೆ ರಾಡು. ಅದು ತಡೆದು ನಿಂತಲ್ಲಿ ಗುರುತು ಹಾಕಿ, ಹೊರತೆಗೆದು ಅಳೆದು, ಅಷ್ಟೇ ದೂರವನ್ನು ನೆಲದ ಮೇಲೆ ಹಿಡಿಯುತ್ತಾರೆ. ಒಬ್ಬ ಒಳಗಿನಿಂದ ರಾಡು ಕುಟ್ಟಿದರೆ ಇನ್ನೊಬ್ಬ ಹೊರಗೆ ಹಾರೆ ಊರಿ ಅದಕ್ಕೆ ಕಿವಿ ಕೊಡುತ್ತಾನೆ. ನಾಲ್ಕಿಂಚಿನ ಪೈಪಿಗೆ ಸಾಮಾನ್ಯವಾಗಿ ಹತ್ತಡಿಗೆ ಎರಡಿಂಚು ಇಳಿಜಾರು. ದೂರ ತಿಳಿದರೆ ಎಷ್ಟು ಆಳ ಅಗೆಯಬೇಕೆಂಬುದೂ ಸುಮಾರಾಗಿ ಸಿಕ್ಕಿತು. ನೀರು ಸ್ವಲ್ಪವಾದರೂ ಇಳಿಯುತ್ತಿದ್ದರೆ ಬಟ್ಟೆಯ ನೀಲಿ ಕಲಸಿ ಸುರಿದು ಸುತ್ತಲಿನ ಮೋರಿಗಳನ್ನು ಕಾಯುವುದೂ ಉಂಟು.

ನಮ್ಮ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಹೊಳೆಯೇ ಇನ್ನೊಂದು ಸಾಕ್ಷಿ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಮುಂಗಾರು ಬಲಿತರೆ ಬೇಗ ತುಂಬಿ ಗೇಟು ತೆಗೆಯುತ್ತಾರೆ. ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಹೋಗುತ್ತಾರೆ. ಆ ದಿನಗಳಲ್ಲೇ ಬೇಸ್‌ಮೆಂಟಿನ ನೀರೂ ಏರಿ, ಹೊಳೆ ತಗ್ಗಿದಾಗ ತಗ್ಗಿದರೆ ಪೈಪು ಕಟ್ಟಿರಲಿಕ್ಕಿಲ್ಲ; ಅದರ ಬಾಯಿಯೇ ಹೊಳೆಯ ನೀರಿನಡಿ ಮುಳುಗಿರಬೇಕು. ಆದರೆ ಊರಲ್ಲೂ ಮಳೆ ಸುರಿಯುತ್ತಿದ್ದರೆ ಇದನ್ನು ಬಿಡಿಸಿ ಹೇಳುವುದು ಕಷ್ಟ. ಭದ್ರಾವತಿಯಲ್ಲಿ ಸುಳಿವು ಇನ್ನೂ ಸ್ಪಷ್ಟವಾಗಿ ಸಿಗಬಹುದು: ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿ 186 ಅಡಿ ಮುಟ್ಟುವ ಹೊತ್ತಿಗೆ ನೀರು ಬಿಟ್ಟಾಗ, ಊರಲ್ಲಿ ಹನಿ ಮಳೆಯಿಲ್ಲದೆಯೂ ಭದ್ರೆ ಏರುತ್ತಾಳೆ. ಆಗ ನೆಲದ ಜಾಲರಿಯಿಂದ ಕದಡಿದ ನೀರು ಉಕ್ಕಿದರೆ ಪೈಪು ಹೊಳೆಗೇ ಹೋಗಿದೆ ಎನ್ನಬಹುದು. ಗೋಡೆಯ ಸಂದಿಯಿಂದ ತಿಳಿನೀರು ಒಸರಿದರೆ ಮಾತು ಬೇರೆ, ಅದು ಒರತೆ.

ಹೀಗೆ ಜಾಗ ಗೊತ್ತಾದ ಮೇಲೆ ಒಂದೇ ಗುಂಡಿ ಸಾಕು. ಆದರೆ ಚೇಂಬರಿನೊಳಗೆ ವಿಷಗಾಳಿ ಇರಬಹುದು. ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಜೆಟ್ಟಿಂಗ್ ಗಾಡಿ ಕರೆಸಬೇಕು. ಬಾಯಿ ತೆರೆದುಕೊಂಡ ಮೇಲೆ ಅಲ್ಲೊಂದು ಹೊಸ ಚೇಂಬರು, ಹೊಳೆ ಕಡೆಯ ಪೈಪಾದರೆ ನಾನ್-ರಿಟರ್ನ್ ವಾಲ್ವ್, ಮೇಲೆ ರಸ್ತೆ ಮಟ್ಟಕ್ಕೆ ಮುಚ್ಚಳ. ಒಳ್ಳೆಯ ಕೆಲಸಗಾರರು ಗೋಡೆಯ ಮೇಲೆ ಬಾಣ ಬರೆದು ದೂರ, ಆಳ ಎರಡನ್ನೂ ಪೇಂಟಿನಲ್ಲಿ ನಮೂದಿಸಿ ಹೋಗುತ್ತಾರೆ.