ಹಾಲ್‌ಗೆ 16 ಲೈಟ್ ಬೇಕಾ? ಫಾಲ್ಸ್ ಸೀಲಿಂಗ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಕೇಳಿ

ಕಳೆದ ವಾರ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದು ನನ್ನ ತಲೇಲಿ ಕೂತುಬಿಟ್ಟಿದೆ. ಬೆಂಗಳೂರಲ್ಲಿ ಹೊಸದಾಗಿ 2 ಬಿಎಚ್‌ಕೆ ತಗೊಂಡಿರೋ ಕೇಳುಗರೊಬ್ಬರದು. ಹಾಲ್ 12 ಅಡಿಗೆ 14 ಅಡಿ. ಇಂಟೀರಿಯರ್‌ನವರು ಆ ಹಾಲ್ ಒಂದಕ್ಕೇ 16 ಡೌನ್‌ಲೈಟ್, ಸುತ್ತಲೂ ಕೋವ್ ಲೈಟ್ ಅಂತ ಡ್ರಾಯಿಂಗ್ ಕೊಟ್ಟಿದ್ದಾರೆ. 'ಊರಿಂದ ಅಪ್ಪ ಅಮ್ಮ ಬಂದು ನಮ್ಮ ಜೊತೆನೇ ಇರ್ತಾರೆ. ಅಪ್ಪಂಗೆ ಬೆಳಿಗ್ಗೆ ಐದಕ್ಕೆ ಪೇಪರ್ ಓದ್ಲೇಬೇಕು. ಇಷ್ಟೊಂದು ಲೈಟ್ ಬೇಕಾ, ಇಷ್ಟು ಸಾಕಾ?' ಅನ್ನೋದು ಪ್ರಶ್ನೆ.

ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ಮೊದಲು ವ್ಯಾಟ್ ಮರೆತುಬಿಡಿ. ವ್ಯಾಟ್ ಅಂದ್ರೆ ಲೈಟ್ ತಿನ್ನೋ ಕರೆಂಟು. ಕೊಡೋ ಬೆಳಕಿನ ಅಳತೆ ಲ್ಯೂಮೆನ್, ಬಾಕ್ಸ್ ಮೇಲೆ ಸಣ್ಣಕ್ಷರದಲ್ಲಿ ಇರತ್ತೆ. ಹಳೇ 60 ವ್ಯಾಟ್ ಬಲ್ಬ್ ಕೊಡ್ತಿದ್ದದ್ದು ಸುಮಾರು 800 ಲ್ಯೂಮೆನ್. ಅದನ್ನ ಈಗ 9 ವ್ಯಾಟ್ ಎಲ್‌ಇಡಿ ಕೊಡತ್ತೆ. ಒಂದು ಚದರ ಮೀಟರ್ ಜಾಗದ ಮೇಲೆ ಬೀಳೋ ಲ್ಯೂಮೆನ್‌ಗೆ ಲಕ್ಸ್ ಅಂತಾರೆ. ಕೂತು ಮಾತಾಡೋಕೆ, ಟಿವಿ ನೋಡೋಕೆ 150 ಲಕ್ಸ್ ಧಾರಾಳ.

12x14 ಅಂದ್ರೆ 168 ಚದರ ಅಡಿ, ಸುಮಾರು 15.6 ಚದರ ಮೀಟರ್. ಅದನ್ನ 150ರಿಂದ ಗುಣಿಸಿದ್ರೆ 2,340 ಲ್ಯೂಮೆನ್. ಗೋಡೆ, ಧೂಳು, ಫಿಟ್ಟಿಂಗ್ ಒಂದಷ್ಟು ನುಂಗತ್ತೆ, ಅದಕ್ಕೆ 3,500 ಅಂತ ಇಟ್ಕೊಳ್ಳೋಣ. 7 ವ್ಯಾಟ್ ಡೌನ್‌ಲೈಟ್ ಒಂದು 600 ಲ್ಯೂಮೆನ್ ಕೊಟ್ರೂ ಆರು ಸಾಕು. 16 ಹಾಕಿದ್ರೆ 9,600. ಅದು ಹಾಲ್ ಅಲ್ಲ, ಮದುವೆ ಛತ್ರ.

ಕರೆಂಟ್ ಬಿಲ್ ಹೆದರಿಕೆ ಇಲ್ಲಿ ಅಷ್ಟು ದೊಡ್ಡದಲ್ಲ. 16 ಲೈಟ್ ದಿನಕ್ಕೆ 5 ಗಂಟೆ ಉರಿದ್ರೆ ತಿಂಗಳಿಗೆ 17 ಯೂನಿಟ್, ಆರಾದ್ರೆ 6 ಚಿಲ್ಲರೆ. ಗೃಹಜ್ಯೋತಿಯ 200 ಯೂನಿಟ್ ಗಡಿ ಹತ್ರ ಇರೋರು ಮಾತ್ರ ಯೋಚಿಸಬೇಕು. ನಿಜವಾದ ಖರ್ಚು ಇರೋದು ಪಾಯಿಂಟ್ ಲೆಕ್ಕದಲ್ಲಿ. ಪ್ರತಿ ಲೈಟಿಗೂ ವೈರು, ತೂತು, ಡ್ರೈವರ್, ಕೂಲಿ ಸೇರತ್ತೆ. ಕೊಟೇಶನ್‌ನಲ್ಲಿ ಪಾಯಿಂಟ್‌ಗೆ ಎಷ್ಟು ಅಂತ ಬೇರೆ ಬರೆಸಿಕೊಳ್ಳಿ.

ಈಗ ಅಪ್ಪನ ಪೇಪರ್ ವಿಷಯ, ನನ್ನ ಪ್ರಕಾರ ಇಡೀ ಪ್ರಶ್ನೆಯಲ್ಲಿ ಮುಖ್ಯವಾದದ್ದು. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕಿರಿದಾಗತ್ತೆ, ಲೆನ್ಸ್ ಹಳದಿಯಾಗತ್ತೆ. ಇಪ್ಪತ್ತರ ಹುಡುಗನ ಕಣ್ಣೊಳಗೆ ಹೋಗೋ ಬೆಳಕಿನಲ್ಲಿ ಅರವತ್ತು ದಾಟಿದವರಿಗೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಮಾತ್ರ ಸಿಗತ್ತೆ. ನಮಗೆ 'ವಾವ್, ಏನ್ ಮೂಡ್!' ಅನ್ನಿಸೋ ಲೈಟಿಂಗ್ ಅವರಿಗೆ ಕತ್ತಲೆ. ಹಾಗಂತ ಸೀಲಿಂಗ್ ತುಂಬ ಲೈಟ್ ಹಾಕಿದ್ರೂ ಸಮಸ್ಯೆ, ಯಾಕಂದ್ರೆ ಪೊರೆ ಶುರುವಾದ ಕಣ್ಣಿಗೆ ಝಗಝಗ ಅನ್ನೋ ಬೆಳಕು ಚುಚ್ಚತ್ತೆ. ಅವರು ಕೂರೋ ಕುರ್ಚಿ ಯಾವುದು ಅಂತ ಮೊದಲೇ ನಿರ್ಧಾರ ಮಾಡಿ. ಭುಜದ ಹಿಂದಿಂದ ಪೇಪರ್ ಮೇಲೆ ಬೀಳೋ ಹಾಗೆ ಅಲ್ಲಿಗೊಂದು ಲೈಟ್, ಅದಕ್ಕೆ ಬೇರೆ ಸ್ವಿಚ್, ಕೈಗೆ ಎಟುಕೋ ಹಾಗೆ. ಡೌನ್‌ಲೈಟ್‌ಗಳಲ್ಲಿ ಎಲ್‌ಇಡಿ ಒಳಗೆ ಆಳದಲ್ಲಿರೋದನ್ನ ತಗೊಳ್ಳಿ, ಕಣ್ಣಿಗೆ ನೇರ ಹೊಡೆಯಲ್ಲ. ರೂಮಿಂದ ಬಾತ್‌ರೂಮ್‌ಗೆ ಹೋಗೋ ದಾರಿಯಲ್ಲಿ ನೆಲದ ಹತ್ರ ಒಂದು ಸಣ್ಣ ಲೈಟ್ ಇರಲಿ. ರಾತ್ರಿ ಎರಡು ಗಂಟೆಗೆ ಯಾರೂ ಎಡವಬಾರದು.

ಬಣ್ಣದ ಜಗಳ ಎಲ್ಲಾ ಮನೆಯಲ್ಲೂ ಇದೆ. 3000 ಕೆಲ್ವಿನ್ ಹಳದಿ, 4000 ಮಧ್ಯಮ, 6500 ಟ್ಯೂಬ್‌ಲೈಟ್ ಬಿಳಿ. ಪಿಂಟರೆಸ್ಟ್ ನೋಡಿ ನಾವು ಹಳದಿ ಕೇಳ್ತೀವಿ, ಹಿರಿಯರು 'ಇದೇನಿದು, ಝೀರೋ ಬಲ್ಬ್ ಥರ ಮಂಕು' ಅಂತಾರೆ. ಬುಡ್ಡಿ ದೀಪ, ಲೋ ವೋಲ್ಟೇಜ್ ಬಲ್ಬ್ ನೋಡಿ ಬೆಳೆದವರಿಗೆ ಬಿಳಿ ಟ್ಯೂಬ್‌ಲೈಟ್ ಅಂದ್ರೆ ಏಳಿಗೆ, ಅದನ್ನ ಟೇಸ್ಟ್ ಇಲ್ಲ ಅಂತ ನಗಬೇಡಿ. ಈ ಮನೆಗೆ ಹಾಲ್‌ನಲ್ಲಿ 4000, ಬೆಡ್‌ರೂಮಲ್ಲಿ 3000 ಅಂತ ನಾನು ಹೇಳ್ತೀನಿ. ಸ್ವಿಚ್ ಆಫ್-ಆನ್ ಮಾಡಿದ್ರೆ ಬಣ್ಣ ಬದಲಾಗೋ ಮೂರು ಬಣ್ಣದ ಲೈಟ್ ಬೇಡ. ಕರೆಂಟ್ ಒಂದ್ಸಲ ಹೋಗಿ ಬಂದ್ರೆ ಆರರಲ್ಲಿ ಎರಡು ಹಳದಿ, ನಾಲ್ಕು ಬಿಳಿ ಆಗಿರೋ ಸಾಧ್ಯತೆ ಇದೆ.

ಸಿಆರ್‌ಐ ಅಂತ ಇನ್ನೊಂದು ನಂಬರ್ ಇದೆ. 100ಕ್ಕೆ ಎಷ್ಟು ಹತ್ರವೋ ಬಣ್ಣಗಳು ಅಷ್ಟು ನಿಜವಾಗಿ ಕಾಣತ್ತೆ. ಹಾಲ್‌ಗೆ 80 ಸಾಕು, ಅಡುಗೆಮನೆಗೆ, ಬೀರು ಮುಂದೆ 90 ಒಳ್ಳೇದು. ಕಡಿಮೆ ಇದ್ರೆ ಟೊಮೆಟೊ ಕೂಡ ಬಾಡಿದ ಹಾಗೆ ಕಾಣತ್ತೆ.

ಇನ್ನು ನಮ್ಮ ಸೀಲಿಂಗ್‌ನಲ್ಲಿ ಇರೋದು, ವಿದೇಶಿ ರೀಲ್ಸ್‌ನಲ್ಲಿ ಕಾಣದೇ ಇರೋದು ಒಂದಿದೆ. ಫ್ಯಾನ್! ರೆಕ್ಕೆ ಮೇಲ್ಗಡೆ ಲೈಟ್ ಬಂದ್ರೆ ಇಡೀ ರೂಮ್ ಪಟಪಟ ಅಂತ ಮಿಟುಕತ್ತೆ, ಅರ್ಧ ಗಂಟೇಲಿ ತಲೆನೋವು. ಸಾಮಾನ್ಯ ಫ್ಯಾನ್ 48 ಇಂಚು, ಅಂದ್ರೆ ನಡುವಿನಿಂದ ಎರಡಡಿ. ಲೈಟ್‌ಗಳನ್ನ ಫ್ಯಾನ್ ನಡುವಿನಿಂದ ಮೂರೂವರೆ ಅಡಿ ಆಚೆ, ಗೋಡೆಯಿಂದ ಎರಡೂವರೆ ಅಡಿ ಈಚೆ ಇಡಿಸಿ. 60 ಡಿಗ್ರಿ ಬೀಮ್ ತಗೊಂಡ್ರೆ ರೆಕ್ಕೆಗೆ ತಾಗಲ್ಲ, 120 ಡಿಗ್ರಿ ಪ್ಯಾನೆಲ್ ಆದ್ರೆ ಅಂಚು ತಾಗತ್ತೆ. ಡ್ರಾಯಿಂಗ್‌ನಲ್ಲಿ ಫ್ಯಾನ್ ವೃತ್ತ ಬರೆದು ತೋರಿಸಿ ಅಂತ ಕೇಳಿ. ಬಹಳ ಜನ ಬರೆದೇ ಇರಲ್ಲ.

ಬಾಡಿಗೆ ಮನೆಯವರು ಫಾಲ್ಸ್ ಸೀಲಿಂಗ್ ತಂಟೆಗೇ ಹೋಗ್ಬೇಡಿ. ಇರೋ ಹೋಲ್ಡರ್‌ಗೆ ಒಳ್ಳೇ ಬಲ್ಬ್, ಮೂಲೆಗೊಂದು ಸ್ಟ್ಯಾಂಡ್ ಲ್ಯಾಂಪ್. ಮನೆ ಬಿಡೋವಾಗ ಎರಡೂ ನಿಮ್ಮ ಜೊತೆ ಬರತ್ತೆ.

ಖರೀದಿ ದಿನ ಅಂಗಡೀಲಿ ಲೈಟ್ ಆನ್ ಮಾಡಿಸಿ, ಫೋನ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ. ಪಟ್ಟೆ ಓಡಿದ್ರೆ, ಜೋರಾಗಿ ಮಿಟುಕಿದ್ರೆ ಆ ಡ್ರೈವರ್ ಸುಮಾರು, ಬಿಟ್ಟುಬಿಡಿ. ಎಲ್‌ಇಡಿಗಿಂತ ಮೊದಲು ಸಾಯೋದು ಸಾಮಾನ್ಯವಾಗಿ ಡ್ರೈವರ್ರೇ, ಅದು ಬೇರೆ ಸಿಗೋ ಮಾಡೆಲ್ ನೋಡಿ. ಅದೇ ಮಾಡೆಲ್‌ದು ಎರಡು ಸ್ಪೇರ್ ತಗೊಂಡು ಲಾಫ್ಟ್‌ನಲ್ಲಿಡಿ, ಸೀಲಿಂಗ್ ತೂತಿನ ಅಳತೆನೂ ಬಾಕ್ಸ್ ಮೇಲೆ ಬರೆದಿಡಿ. ಎರಡು ವರ್ಷ ಆದ್ಮೇಲೆ ಅದೇ ಸೈಜ್ ಹುಡುಕ್ತಾ ಎಸ್‌ಪಿ ರೋಡ್ ಎಲ್ಲಾ ಸುತ್ತೋದು ತಪ್ಪತ್ತೆ.